ತಂಬೂರಿ ಎಲ್ಲೋಯ್ತು ಅಂದ್ಲು ಅಮ್ಮ

(ಕುವೆಂಪುನಗರದಲ್ಲಿ ನಮ್ಮದೊಂದು ಸಣ್ಣ ಕೇಳುಗರ ಗುಂಪಿದೆ. ವರ್ಷದ ಕೊನೇ ಭಾನುವಾರ ಯಾರಾದ್ರೂ ಒಬ್ರು ಆ ವರ್ಷ ತಾವು ಕೇಳಿದ ಸಂಗೀತದ ಬಗ್ಗೆ ಮಾತಾಡೋದು ರೂಢಿ, ಈ ಸಲ ನನ್ನ ಸರದಿ ಬಂತು. ಬರೋಕೆ ಆಗದೇ ಇದ್ದೋರು ಬರೆದು ಕೊಡಿ ಅಂತ ಕೇಳಿದ್ರು, ಅವತ್ತು ಮಾತಲ್ಲಿ ಹೇಗೆ ಬಂತೋ ಹಾಗೇ ಇಲ್ಲಿ ಇಟ್ಟಿದೀನಿ.)

ಎಲ್ರಿಗೂ ನಮಸ್ಕಾರ. ನಾನು ಸಂಗೀತ ಕಲಿತೋಳಲ್ಲ ಅಂತ ಇಲ್ಲಿ ಕೂತಿರೋರಿಗೆಲ್ಲ ಗೊತ್ತು. ಬ್ಯಾಂಕಲ್ಲಿ ಕೆಲಸ, ಮನೆ, ಅದರ ಮಧ್ಯೆ ಕೇಳೋದು. ಡಿಸೆಂಬರ್ ಬಂತು ಅಂದ್ರೆ ಫೋನಲ್ಲಿರೋ ಸ್ಪಾಟಿಫೈ ಆ್ಯಪ್ ಈ ವರ್ಷ ನೀವು ಇಷ್ಟು ಕೇಳಿದ್ರಿ, ಇದನ್ನ ಜಾಸ್ತಿ ಕೇಳಿದ್ರಿ ಅಂತ ಒಂದು ಲೆಕ್ಕ ತೋರ್ಸುತ್ತಲ್ಲ, ಈ ಸಲ ಅದ್ರಲ್ಲಿ ಎಲ್ಲಕ್ಕಿಂತ ಮೇಲೆ ಬಂದಿದ್ದು ಒಂದೇ ಒಂದು ವೀಣೆ ಆಲಾಪನೆ, ಅದರ ಕೆಳಗೆ ಇನ್ನೊಂದು ವೀಣೆ, ಅದರ ಕೆಳಗೆ ಬರೀ ತಂಬೂರಿ ಶ್ರುತಿ. ನನ್ನ ಮಗಳು ನೋಡಿ, ಹೊಸ ಹಾಡು ಒಂದೂ ಇಲ್ವಲ್ಲಮ್ಮ ಅಂದ್ಲು. ಹೌದು, ಇಲ್ಲ. ಯಾಕಂದ್ರೆ ಈ ವರ್ಷ ನಾನು ಕೇಳಿದ್ದೆಲ್ಲ ನನ್ನ ಅಮ್ಮನ ಕಿವಿಗೆ ಏನು ಬೀಳುತ್ತೆ ಅಂತ ಹುಡುಕ್ತಾ ಕೇಳಿದ್ದು. ಅದನ್ನೇ ಇವತ್ತು ಹೇಳ್ತೀನಿ, ಬೇರೆ ಏನೂ ಇಲ್ಲ.

ಅಮ್ಮನಿಗೆ ಈಗ 76. ಊರು ಮಳವಳ್ಳಿ ಕಡೆ. ಆ ಕಡೆಯೋರಿಗೆ ತಾವು ನಡ್ಕೊಳ್ಳೋ ಸಂತರು ಮಂಟೇಸ್ವಾಮಿ, ಸಿದ್ದಪ್ಪಾಜಿ ಅಂದ್ರೆ ಏನು ಅಂತ ಬೇರೆ ಹೇಳ್ಬೇಕಿಲ್ಲ. ಅವರ ಕಥೆ ಹಾಡೋ ನೀಲಗಾರರು ತಂಬೂರಿ ಹಿಡ್ಕೊಂಡು ಮನೆ ಮುಂದೆ ಬಂದು ಪದ ಹೇಳೋರು, ಅಮ್ಮ ಹುಟ್ಟಿದಾಗಿಂದ ಕೇಳಿರೋ ಮೊದಲನೇ ಸಂಗೀತ ಅದೇ. ಒಬ್ಬರು ಹೇಳೋರು, ಹಿಂದೆ ಇಬ್ಬರು ಮೂವರು ಸೊಲ್ಲು, ಅಂದ್ರೆ ಪಲ್ಲವಿ, ಹಿಡಿಯೋರು, ತಂಬೂರಿ ಗುಂಯ್ ಅಂತ ಕೆಳಗಡೆ ನಿಂತಿರೋದು, ಡಕ್ಕೆ, ಗಗ್ಗರ. ರಾತ್ರಿಯೆಲ್ಲ ಕಥೆ. ಅಮ್ಮನಿಗೆ ಆ ಮಂಟೇಸ್ವಾಮಿ ಕಾವ್ಯದಲ್ಲಿ ಎಷ್ಟೋ ಭಾಗ ಬಾಯಲ್ಲೇ ಇದೆ, ಬರೆದು ಕಲಿತದ್ದಲ್ಲ, ಕೇಳಿ ಕೇಳಿ ಉಳಿದದ್ದು.

ಜನವರಿಯಲ್ಲಿ ಬನದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆ. ಐದು ದಿನ ನಡೆಯುತ್ತೆ, ನಾವು ಒಂದು ರಾತ್ರಿ ಹೋಗಿದ್ವಿ. ಆ ಜನ, ಆ ಧೂಳು, ಆ ಚಳಿ, ಅದ್ರಲ್ಲೂ ಅಲ್ಲಲ್ಲಿ ಗುಂಪುಗುಂಪಾಗಿ ನೀಲಗಾರರು ಕೂತು ಹಾಡ್ತಾ ಇದ್ರು. ಅಮ್ಮ ಒಂದು ಗುಂಪಿನ ಹತ್ರ ಕಂಬಳಿ ಹಾಸ್ಕೊಂಡು ಕೂತೋಳು ಬೆಳಗಿನ ಜಾವದವರೆಗೂ ಎದ್ದಿಲ್ಲ, ಸೊಲ್ಲು ಬಂದ ಕಡೆಯೆಲ್ಲ ಅವಳೂ ಸೊಲ್ಲು ಕೊಡ್ತಾ ಇದ್ಲು, ಒಂದು ಕಡೆಯೂ ತಪ್ಪಲಿಲ್ಲ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಅದಾಗಿ ಮೂರು ವಾರಕ್ಕೆ ಅಮ್ಮ ರೇಡಿಯೋ ಸರಿ ಇಲ್ಲ ಅಂದಾಗ ನಾವೆಲ್ಲ ರೇಡಿಯೋನೇ ಸರಿ ಇಲ್ಲ ಅಂತ ನಂಬಿಬಿಟ್ವಿ. ರಾತ್ರಿಯೆಲ್ಲ ಪದ ಕೇಳಿದೋಳ ಕಿವಿ ಹೋಗಿದೆ ಅಂತ ಯಾರಿಗೆ ಹೊಳೆಯುತ್ತೆ.

ರೇಡಿಯೋ ಅಂದ್ರೆ ಅಮ್ಮನಿಗೆ ಮೈಸೂರು ಆಕಾಶವಾಣಿ. ಇಲ್ಲಿ ಇರೋ ಹಿರಿಯರಿಗೆ ಗೊತ್ತಿರುತ್ತೆ, ಮಹಾರಾಜ ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ್ದು, ಆಕಾಶವಾಣಿ ಅನ್ನೋ ಹೆಸರು ಈ ಊರಿನ ಆ ಸಣ್ಣ ಸ್ಟೇಷನ್ನಿನಿಂದ ಇಡೀ ದೇಶದ ರೇಡಿಯೋಗೆ ಹೋಗಿದ್ದು. ಅಮ್ಮ ಮದುವೆ ಆಗಿ ಮೈಸೂರಿಗೆ ಬಂದಾಗಿಂದ ಬೆಳಗ್ಗೆ ಒಲೆ ಹಚ್ಚೋ ಮುಂಚೆ ರೇಡಿಯೋ ಹಚ್ಚೋಳು. ಈಗ ಎಫ್‌ಎಂ 100.6. ಅದು ಬರೀ ಗೊರಗೊರ ಅಂತದೆ, ಮಾತೇ ತಿಳಿಯಾಕಿಲ್ಲ ಅಂದ್ಲು. ರಿಪೇರಿ ಮಾಡ್ಸಿದ್ವಿ. ಆಮೇಲೆ ಹೊಸದು ತಂದ್ವಿ. ಹೊಸದೂ ಗೊರಗೊರ. ಆಮೇಲೆ ಒಂದಿನ ಅವಳು ಅದನ್ನ ಹಚ್ಚೋದೇ ನಿಲ್ಲಿಸಿಬಿಟ್ಲು, ಯಾರ ಹತ್ರನೂ ಏನೂ ಹೇಳ್ಲಿಲ್ಲ. ಅಡುಗೆಮನೆ ಸುಮ್ಮನಾಗಿದ್ದು ನನಗೆ ಗೊತ್ತಾಗೋಕೆ ಒಂದು ವಾರ ಬೇಕಾಯ್ತು, ಅದಕ್ಕೆ ಈಗಲೂ ಬೇಜಾರಿದೆ ನನಗೆ.

ಗೊತ್ತಾಗಿದ್ದು ಊಟದ ಹೊತ್ತಲ್ಲಿ. ಅನ್ನ ಬಡಿಸ್ತಾ ‘ಸಾಕಾ’ ಅಂತ ಕೇಳ್ತೀನಿ, ಅವಳು ಹೂಂ ಅಂತಾಳೆ, ನಿಲ್ಲಿಸ್ತೀನಿ, ಅವಳು ತಟ್ಟೆ ಹಿಡ್ಕೊಂಡು ಕಾಯ್ತಾ ಇರ್ತಾಳೆ. ನಾನು ಸಾಕಾ ಅಂದಿದ್ದು ಅವಳಿಗೆ ‘ಹಾಕಾ’ ಅಂತ ಕೇಳಿಸ್ತಿತ್ತು. ಎರಡರಲ್ಲೂ ಸ್ವರ ಒಂದೇ, ಮೊದಲ ಅಕ್ಷರದ ‘ಸ’ ಒಂದು ಮಾತ್ರ ಕಳೆದುಹೋಗಿತ್ತು.

ಮೊದಲು ಹೋಗಿದ್ದು ಒಂದು ಹಿಯರಿಂಗ್ ಏಡ್ ಅಂಗಡಿಗೆ. ಯಾವುದು ಅಂತ ಬೇಡ. ಹದಿನೈದು ನಿಮಿಷದಲ್ಲಿ ಟೆಸ್ಟ್ ಮುಗಿಸಿ, ದುಡ್ಡು ಕಟ್ಟಿಸ್ಕೊಂಡು, ಎರಡು ಕಿವಿಗೂ ಹಾಕಿ ಕಳಿಸಿದ್ರು. ನೀವು ದಿನಾ ಏನು ಕೇಳ್ತೀರಮ್ಮ ಅಂತ ಒಂದು ಮಾತು ಕೇಳ್ಲಿಲ್ಲ. ಅಮ್ಮ ಎಂಟು ದಿನ ಹಾಕ್ಕೊಂಡ್ಲು. ಪಾತ್ರೆ ಸದ್ದಿಗೆ ಬೆಚ್ಚಿಬೀಳೋಳು, ಮಿಕ್ಸಿ ಹಾಕಿದ್ರೆ ಎದ್ದು ಹೋಗೋಳು, ಒಂಬತ್ತನೇ ದಿನ ಅದು ಅಕ್ಕಿ ಡಬ್ಬದ ಪಕ್ಕ ಡಬ್ಬೀಲಿ ಕೂತಿತ್ತು. ಆಮೇಲೆ ಯಾರೋ ಹೇಳಿದ್ರು, ಮಾನಸಗಂಗೋತ್ರಿಲಿ ವಾಕ್ ಶ್ರವಣ ಸಂಸ್ಥೆ ಇಟ್ಕೊಂಡು ಎಲ್ಲೆಲ್ಲೋ ಹೋಗ್ತೀರಲ್ಲ ಅಂತ. ಇಡೀ ದೇಶದಿಂದ ಜನ ಅಲ್ಲಿಗೆ ಬರ್ತಾರೆ, ನಾನು ಮೂವತ್ತು ವರ್ಷ ಆ ಗೇಟ್ ಮುಂದೆ ಬಸ್ಸಲ್ಲಿ ಓಡಾಡಿದೀನಿ, ಒಳಗೆ ಹೋಗಿರ್ಲಿಲ್ಲ.

ಅಲ್ಲಿ ಅಮ್ಮನನ್ನ ಒಂದು ಸದ್ದಿಲ್ಲದ ರೂಮಲ್ಲಿ ಕೂರಿಸಿ ಒಂದೊಂದೇ ಸ್ವರ ಕೇಳಿಸಿದ್ರು, ಕೇಳಿದಾಗ ಬೆರಳೆತ್ತಿ ಅಂತ. ಗಾಜಿನ ಈಚೆ ನಾನು ಕೂತಿದ್ದೆ. ಕೆಳಗಿನ ಸ್ವರಕ್ಕೆಲ್ಲ ಬೆರಳು ಟಕ್ ಅಂತ ಮೇಲೆ ಬರೋದು. ಮೇಲೆ ಮೇಲೆ ಹೋದಂಗೆ ನಿಧಾನ ಆಯ್ತು, ಆಮೇಲೆ ಬೆರಳು ಮಡಿಲಲ್ಲೇ ಉಳೀತು, ಅಮ್ಮ ತಲೆ ಎತ್ತಿ ಆ ಹುಡುಗಿ ಮುಖ ನೋಡ್ತಾ ಇದ್ಲು, ಯಾಕೆ ಏನೂ ಹಾಕ್ತಿಲ್ಲ ಇವಳು ಅನ್ನೋ ಥರ. ಹಾಕ್ತಾ ಇದ್ರು.

ಆಡಿಯೋಗ್ರಾಂ ಅಂತ ಒಂದು ಗೆರೆ ಕೊಡ್ತಾರೆ. ಎಡಗಡೆ ಕೆಳಗಿನ ಸದ್ದು, 250 ಹರ್ಟ್ಸ್, ಬಲಗಡೆ ಮೇಲಿನದು, 8,000. ಅಮ್ಮಂದು 1,000ದವರೆಗೆ ಹೆಚ್ಚು ಕಮ್ಮಿ ನೆಟ್ಟಗೆ ಬಂದು ಆಮೇಲೆ ಚಾಮುಂಡಿಬೆಟ್ಟದ ಮೆಟ್ಟಿಲಿಳಿದ ಹಾಗೆ ಇಳಿದುಹೋಗಿದೆ. ಅಲ್ಲಿದ್ದ ಆಡಿಯಾಲಜಿಸ್ಟ್ ಹುಡುಗಿ ಬಹಳ ತಾಳ್ಮೆಯಿಂದ ಹೇಳಿದ್ಲು, ನಮ್ಮ ಒಳಗಿವಿ ಬಸವನಹುಳದ ಚಿಪ್ಪಿನ ಥರ ಸುತ್ತಿಕೊಂಡಿರುತ್ತೆ, ಒಂದು ಕಿವಿಲಿ ಸುಮಾರು 15,000 ರೋಮಕೋಶ ಇರುತ್ತೆ, ತಾರಸ್ಥಾಯಿ, ಅಂದ್ರೆ ಮೇಲಿನ ಸದ್ದನ್ನ ಹಿಡಿಯೋವು ಬಾಗಿಲಲ್ಲೇ ಇರ್ತಾವೆ, ಮಂದ್ರದ್ದು, ಅಂದ್ರೆ ಕೆಳಗಿನದು ಹಿಡಿಯೋವು ಸುರುಳಿಯ ಒಳತುದೀಲಿ, ವಯಸ್ಸಾದಂಗೆ ಬಾಗಿಲ ಕಡೆಯೋವು ಮೊದಲು ಹೋಗ್ತಾವೆ, ಹೋದ್ರೆ ಮತ್ತೆ ಹುಟ್ಟಲ್ಲ ಅಂತ. ಮಾತಲ್ಲಿ ಅ, ಆ, ಓ ಇವೆಲ್ಲ ಕೆಳಗಿನ ಸದ್ದು, ಜೋರಾಗೂ ಇರುತ್ತೆ. ಸ, ಶ, ತ, ಕ ಇಂಥವು ಮೇಲಿನ ಸದ್ದು, ಗಾಳಿ ಥರ ತೆಳ್ಳಗೆ. ಅಮ್ಮನಿಗೆ ನೀವು ಮಾತಾಡ್ತಾ ಇದೀರ ಅಂತ ಗೊತ್ತಾಗುತ್ತೆ, ಏನು ಮಾತಾಡ್ತಿದೀರ ಅನ್ನೋದು ಗೊತ್ತಾಗಲ್ಲ ಅಂದ್ಲು. ರೇಡಿಯೋ ಗೊರಗೊರ ಅಂದ್ರೆ ಇದೇ.

ಹಾಗಿದ್ರೆ ಚಿಕ್ಕಲ್ಲೂರಲ್ಲಿ ರಾತ್ರಿಯೆಲ್ಲ ಹೇಗೆ ಕೇಳಿದ್ಲು ಅಂತ ನಾನು ಕೇಳ್ದೆ. ಗೊತ್ತಿರೋ ಪದ ಅಲ್ವಾ, ಕಿವಿ ಅರ್ಧ ಕೊಟ್ರೆ ಸಾಕು, ಉಳಿದರ್ಧ ನೆನಪು ಹಾಕ್ಕೊಳ್ಳುತ್ತೆ ಅಂದ್ಲು ಆ ಹುಡುಗಿ. ಅವತ್ತು ಮನೆಗೆ ಬರೋ ದಾರೀಲಿ ಆಟೋದಲ್ಲಿ ನಾನು ಅಳ್ತಾ ಬಂದೆ, ಅಮ್ಮ ಆಚೆ ನೋಡ್ತಾ ಕೂತಿದ್ಲು.

ಈ ಮಾತು ಮನಸ್ಸಿಗೆ ಬಂದ ಮೇಲೆ ಮನೇಲಿ ನಡೀತಾ ಇದ್ದಿದ್ದೆಲ್ಲ ಬೇರೆ ಥರ ಕಾಣ್ಸೋಕೆ ಶುರುವಾಯ್ತು. ಅಮ್ಮ ಹೊಸ ಸಿನಿಮಾ ಹಾಡು ಬಂದ್ರೆ ಎದ್ದು ಹೋಗೋಳು, ನಾವು ವಯಸ್ಸಾಯ್ತು ಅದಕ್ಕೆ ಇಷ್ಟ ಆಗಲ್ಲ ಅಂದ್ಕೊಂಡಿದ್ವಿ. ಅದರ ಸಾಹಿತ್ಯ ಅವಳಿಗೆ ಯಾವತ್ತೂ ತಲುಪಿರ್ಲೇ ಇಲ್ಲ. ರಾಜನ್-ನಾಗೇಂದ್ರ ಹಾಡು ಬಂದ್ರೆ ಮಾತ್ರ ನಿಲ್ಲೋಳು. ಅವರು ನಮ್ಮ ಮೈಸೂರಿನ ಅಣ್ಣ-ತಮ್ಮ, ಎಪ್ಪತ್ತರ ದಶಕದ ಅವರ ಹಾಡುಗಳು ಅಮ್ಮನಿಗೆ ಪಲ್ಲವಿಯಿಂದ ಕೊನೇ ಚರಣದವರೆಗೂ ಬಾಯಿಪಾಠ. 2017ರ ಅಕ್ಟೋಬರಲ್ಲಿ ಎಸ್. ಜಾನಕಿ ಅಮ್ಮ ತಮ್ಮ ಕೊನೇ ಕಾರ್ಯಕ್ರಮ ಅಂತ ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ಹಾಡಿದ್ರಲ್ಲ, ಆಗ ನಾವಿಬ್ರೂ ಹೋಗಿದ್ವಿ, ಅಷ್ಟು ಜನದ ಮಧ್ಯೆ ಮೇಲ್ಗಡೆ ಮೆಟ್ಟಿಲಲ್ಲಿ ಕೂತು ಅಮ್ಮ ಒಂದೊಂದು ಅಕ್ಷರ ಬಿಡದೆ ಕೇಳಿದ್ಲು. ಅದೇ ರಂಗಮಂದಿರದಿಂದ ಸ್ವಲ್ಪ ದೂರದಲ್ಲಿ ಈಗ ಕಿವಿ ಟೆಸ್ಟಿಗೆ ಬಂದು ಕೂತಿದ್ವಿ.

ಸರಿ, ಹೊಸ ಮಶೀನು ಬಂತು, ಮಾತಿಗೆ ಚೆನ್ನಾಗೇ ಹೊಂದಿಸಿ ಕೊಟ್ರು. ‘ಸಾಕಾ’ ವಾಪಸ್ ಬಂತು. ಪಕ್ಕದ ಮನೆ ಮಗು ಕರೆದ್ರೆ ತಿರುಗಿ ನೋಡ್ತಾಳೆ. ಇದು ಸಣ್ಣದಲ್ಲ, ಕೈ ಮುಗೀಬೇಕು. ಆದ್ರೆ ಸಂಗೀತ ಹಾಕಿದ್ರೆ ಅಮ್ಮ ಮುಖ ಕಿವುಚೋಳು. ಒಂದಿನ ನಾನು ಗಾಯನ ಹಾಕಿದ್ದೆ, ಸ್ವಲ್ಪ ಹೊತ್ತು ಕೇಳಿ ಹೇಳಿದ್ಲು:

‘ತಂಬೂರಿ ಎಲ್ಲೋಯ್ತು?’

ಇದೆಯಲ್ಲಮ್ಮ, ಹಿಂದೆ ಬರ್ತಾನೇ ಇದೆ ಅಂದೆ. ‘ಮೊದ್ಲು ಬಂತು ಕಣವ್ವ, ಆಮೇಕೆ ಯಾರೋ ಎತ್ಕೊಂಡೋದ್ರು’ ಅಂದ್ಲು.

ನಾನು ಇದನ್ನ ಅವಳ ಭ್ರಮೆ ಅಂದ್ಕೊಂಡೆ, ತಪ್ಪು ಮಾಡ್ದೆ. ಮುಂದಿನ ಸಲ ಹೋದಾಗ ಆಡಿಯಾಲಜಿಸ್ಟ್‌ಗೆ ಸುಮ್ನೆ ಹೇಳ್ದೆ, ಆ ಹುಡುಗಿ ಎದ್ದು ನಿಂತ್ಕೊಂಡ್ಲು. ಸರಿಯಾಗೇ ಹೇಳಿದಾರೆ ಅಂದ್ಲು. ಏನಂದ್ರೆ ಈ ಮಶೀನಿಗೆ ಗದ್ದಲ ಯಾವುದು ಮಾತು ಯಾವುದು ಅಂತ ತಾನೇ ಗುರುತಿಸೋ ಕೆಲಸ ಕೊಟ್ಟಿರ್ತಾರೆ. ಮಾತು ಏರುತ್ತೆ ಇಳಿಯುತ್ತೆ, ಫ್ಯಾನಿನ ಸದ್ದು ಫ್ರಿಜ್ಜಿನ ಸದ್ದು ಒಂದೇ ಸಮ ಬರುತ್ತೆ, ಹಾಗಾಗಿ ಒಂದೇ ಸಮ ಬರೋದನ್ನ ಗದ್ದಲ ಅಂತ ತಿಳಿದು ಅದು ಕೆಲವು ಸೆಕೆಂಡಲ್ಲಿ ಇಳಿಸಿಬಿಡುತ್ತೆ. ತಂಬೂರಿ ಇರೋದೇ ಒಂದೇ ಸಮ ಬರೋಕೆ. ಫ್ಯಾನು ಅಂದ್ಕೊಂಡು ಅದನ್ನ ಇಳಿಸಿದೆ. ಯಾರೋ ಎತ್ಕೊಂಡೋದ್ರು ಅಂತ ಅಮ್ಮ ಹೇಳಿದ್ದು ಅಕ್ಷರಶಃ ನಿಜ.

ಕೊಳಲಿಗೂ ಹೀಗೇ ಒಂದು ಕಥೆ ಇದೆ. ಹಿಯರಿಂಗ್ ಏಡ್ ಒಂದೊಂದ್ಸಲ ಕುಂಯ್ ಅಂತ ಶಿಳ್ಳೆ ಹೊಡೆಯುತ್ತಲ್ಲ, ಅದನ್ನ ಅಡಗ್ಸೋಕೆ ಒಳಗೆ ಒಂದು ಏರ್ಪಾಡಿರುತ್ತೆ. ಕೊಳಲಲ್ಲಿ ಉದ್ದಕ್ಕೆ ನಿಲ್ಲಿಸಿದ ಪಂಚಮ ಬಂದ್ರೆ ಅದೂ ಶಿಳ್ಳೆ ಅಂತ ತಿಳಿದು ಹೊಡೆದಾಟ ಶುರು ಮಾಡುತ್ತೆ, ಸ್ವರ ನಡುಗುತ್ತೆ, ಒಡೆಯುತ್ತೆ. ಕೊಳಲು ಅಳ್ತದೆ ಅಂತಿದ್ಲು ಅಮ್ಮ. ಇನ್ನೊಂದು, ಮೆಲ್ಲಗಿನದನ್ನ ಎತ್ತೋದು, ಜೋರಿನದನ್ನ ತಗ್ಗಿಸೋದು. ಮಾತಿಗೆ ಅದು ಬೇಕು. ಆದ್ರೆ ಹಾಡೋರು ಸ್ವರವನ್ನ ಪಿಸುಮಾತಿನಷ್ಟಕ್ಕೆ ಇಳಿಸಿ ಅಲ್ಲಿಂದ ನಿಧಾನಕ್ಕೆ ತುಂಬ್ತಾ ಬರ್ತಾರಲ್ಲ, ಆ ಏರಿಳಿತ ಎಲ್ಲ ಒಂದೇ ಮಟ್ಟಕ್ಕೆ ಬಂದ್ಬಿಡುತ್ತೆ. ಕಿವಿಗೆ ಮಶೀನು ಮಾಡಿದೋರ ಮನಸ್ಸಲ್ಲಿ ಮಾತಾಡೋ ಮನುಷ್ಯ ಇದ್ದ, ಸಂಗೀತ ಕೇಳೋ ಮನುಷ್ಯ ಅಷ್ಟಾಗಿ ಇರ್ಲಿಲ್ಲ. ಇದನ್ನ ಸರಿಮಾಡ್ಬಹುದು. ಸಂಗೀತಕ್ಕೆ ಅಂತಲೇ ಬೇರೆ ಪ್ರೋಗ್ರಾಂ ಹಾಕಿ ಈ ಗದ್ದಲ ಇಳಿಸೋದು, ಶಿಳ್ಳೆ ಅಡಗ್ಸೋದು ಎಲ್ಲ ಆದಷ್ಟು ಆಫ್ ಮಾಡಿ ಕೊಡ್ತಾರೆ, ಒಂದು ಬಟನ್ ಒತ್ತಿದ್ರೆ ಅದಕ್ಕೆ ಬದಲಾಗುತ್ತೆ. ಆದ್ರೆ ನಾವು ಕೇಳ್ಬೇಕು. ನಿಮ್ಮ ಮನೇಲಿ ಯಾರಾದ್ರೂ ಮಶೀನು ಹಾಕ್ಕೊಂಡಿದ್ರೆ ದಯವಿಟ್ಟು ಹೋಗಿ ಕೇಳಿ, ನಮ್ಮ ಅಪ್ಪ ಸಂಗೀತ ಕೇಳ್ತಾರೆ, ನಮ್ಮ ಅಜ್ಜಿ ಭಜನೆ ಕೇಳ್ತಾರೆ ಅಂತ ಬಾಯಿಬಿಟ್ಟು ಹೇಳಿ.

ಅದನ್ನ ಹೊಂದಿಸೋಕೆ ಮೂರು ಸಲ ಹೋಗ್ಬೇಕಾಯ್ತು, ವರ್ಷ ಪೂರ್ತಿ ಅದೇ ಆಯ್ತು ಅಂದ್ರೂ ಸರಿ. ಅಷ್ಟರೊಳಗೆ ಯಾವ ಸಂಗೀತ ಅಮ್ಮನ ಕಿವಿಗೆ ಹಾಗೇ ಇಳಿಯುತ್ತೆ ಅಂತ ನಾನು ಮನೇಲಿ ಹುಡುಕ್ತಾ ಹೋದೆ. ಮಶೀನು ಹಾಕಿ ಒಂದ್ಸಲ, ತೆಗೆದು ಒಂದ್ಸಲ. ಪಿಟೀಲು ಮೇಲಿನ ತಂತಿಗೆ ಹೋದ್ರೆ ಕೈ ಬಿಡ್ತಿತ್ತು. ಹೆಣ್ಣು ದನಿಗಿಂತ ಗಂಡು ದನಿ, ಒಂದು ಮನೆ ಶ್ರುತೀಲಿ, ಅಂದ್ರೆ ತಗ್ಗಿದ ಶ್ರುತೀಲಿ ಹಾಡೋ ದನಿ ಚೆನ್ನಾಗಿ ಬರ್ತಿತ್ತು. ಮೃದಂಗದ ಎಡಗಡೆ ಕೇಳೋದು, ಬಲಗಡೆ ಮಸುಕು. ಪಕ್ಕವಾದ್ಯ ಜಾಸ್ತಿ ಆದಷ್ಟೂ ಕಲಸುಮೇಲೋಗರ. ಕೊನೆಗೆ ನಿಂತಿದ್ದು ವೀಣೆ. ಒಂದೇ ವಾದ್ಯ, ನಿಧಾನಕ್ಕೆ, ಮಂದ್ರದಲ್ಲಿ.

ಇಲ್ಲೇ ವೀಣೆ ಶೇಷಣ್ಣ ಭವನದ ಪಕ್ಕದಲ್ಲೇ ಇಷ್ಟು ವರ್ಷ ಇದ್ದೀವಲ್ಲ, ನಿಜ ಹೇಳ್ತೀನಿ, ಈ ವರ್ಷಕ್ಕೆ ಮುಂಚೆ ವೀಣೆಯನ್ನ ನಾನು ಸರಿಯಾಗಿ ಕೇಳಿರ್ಲಿಲ್ಲ. ಕಛೇರಿಗೆ ಹೋದ್ರೆ ಗಾಯನಕ್ಕೆ ಹೋಗೋದು. ಶೇಷಣ್ಣನವರು 1852ರಲ್ಲಿ ಹುಟ್ಟಿ 1926ರಲ್ಲಿ ತೀರಿಕೊಂಡೋರು, ಅವರ ಶಿಷ್ಯರು ವೆಂಕಟಗಿರಿಯಪ್ಪ, ವೆಂಕಟಗಿರಿಯಪ್ಪನವರ ಶಿಷ್ಯರು ದೊರೆಸ್ವಾಮಿ ಅಯ್ಯಂಗಾರ್. ಮೂರು ತಲೆಮಾರು ಈ ಊರಲ್ಲೇ ಕೈಯಿಂದ ಕೈಗೆ ಬಂದ ಮೀಟು. ದೊರೆಸ್ವಾಮಿ ಅಯ್ಯಂಗಾರ್ ನುಡಿಸಿದ್ದು ಕೇಳಿ. ಒಂದು ಮೀಟು ಬೀಳುತ್ತೆ, ಅದನ್ನ ಅವರು ಅವಸರ ಮಾಡಿ ಮುಚ್ಚಲ್ಲ, ಬಿಡಿಬಿಡಿಯಾಗಿ ಬೀಳುತ್ತೆ, ಗಮಕ, ಅಂದ್ರೆ ಸ್ವರದ ಓಲಾಟ, ಹದಕ್ಕೆ ಎಷ್ಟು ಬೇಕೋ ಅಷ್ಟು, ಮೈಸೂರು ಬಾನಿ, ಮೈಸೂರು ಶೈಲಿ ಅಂತಾರಲ್ಲ ಅದು. ಆ ಸ್ವರ ಕರಗೋದನ್ನ ಪೂರ್ತಿ ಕೇಳಿಸ್ಕೊಂಡು ಆಮೇಲೆ ಮುಂದಿನದು. ಅಮ್ಮನಿಗೆ ಇದು ಯಾಕೆ ಹಿಡಿಸ್ತು ಅಂದ್ರೆ ಒಂದು ಸ್ವರ ಬಂದು ಕೂತ್ಕೊಳ್ಳೋಕೆ ಟೈಮ್ ಸಿಗುತ್ತೆ. ಬೆನ್ನಟ್ಟಿಕೊಂಡು ಹೋಗ್ಬೇಕಿಲ್ಲ. ಅವಳ ಜೊತೆ ಕೂತು ಕೇಳ್ತಾ ನನಗೂ ಗೊತ್ತಾಯ್ತು, ನಾನು ಇಷ್ಟು ವರ್ಷ ಮುಂದಿನ ಸಂಗತಿ ಏನು ಬರುತ್ತೆ ಅಂತ ಕಾಯ್ತಾ ಕೇಳ್ತಿದ್ದೆ, ಈಗ ಬಂದಿರೋದು ಹೋಗೋದನ್ನ ಕೇಳ್ತಿರ್ಲೇ ಇಲ್ಲ. ವೀಣೇಲಿ ಮೀಟಿದ ಮೇಲೆ ಸ್ವರ ಸಣ್ಣಗಾಗ್ತಾ ಸಣ್ಣಗಾಗ್ತಾ ಮರದೊಳಗೆ ಹೋಗುತ್ತೆ, ಅಲ್ಲೇ ಎಷ್ಟೋ ವಿಷಯ ಇದೆ. ಆ್ಯಪ್ ನೂರಾರು ಸಲ ಅಂತ ತೋರಿಸಿದ ಆಲಾಪನೆ ಇದೇ, ದಿನಾ ಮಧ್ಯಾಹ್ನ ಊಟ ಆದ ಮೇಲೆ, ನಾನು ಬ್ಯಾಂಕಲ್ಲಿದ್ದ ದಿನ ಮಗಳು ಹಾಕಿಕೊಡೋಳು.

ಎದುರು ಮನೇಲಿ ಒಂದು ಹುಡುಗಿ ವೀಣೆ ಕಲೀತಾಳೆ. ಒಂದಿನ ಸಂಜೆ ಅಭ್ಯಾಸ ಮಾಡ್ತಿದ್ದಾಗ ಅಮ್ಮ ಹೋಗಿ ಪಕ್ಕದಲ್ಲಿ ಕೂತ್ಲು, ಮಶೀನು ಮನೇಲೇ ಬಿಟ್ಟು ಹೋಗಿದ್ಲು. ಸ್ವಲ್ಪ ಹೊತ್ತಾದ ಮೇಲೆ ಆ ಹುಡುಗಿಯನ್ನ ಕೇಳಿ ವೀಣೆಯ ಕೊಡದ ಮೇಲೆ ಅಂಗೈ ಇಟ್ಲು. ಹಲಸಿನ ಮರದ ಕೊಡ, ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ತಂತಿ ಮೀಟಿದ್ರೆ ಮರ ಪೂರ್ತಿ ಅದಿರುತ್ತೆ. ಅಮ್ಮ ಕೈ ಹಾಗೇ ಇಟ್ಕೊಂಡಿದ್ಲು, ಹುಡುಗಿ ಖಮಾಚ್ ರಾಗದ ಬ್ರೋಚೇವಾರೆವರುರಾ ಕಲೀತಾ ಇತ್ತು, ನಮ್ಮ ಮೈಸೂರು ವಾಸುದೇವಾಚಾರ್ಯರ ಕೃತಿ, ಎಲ್ಲ ಮಕ್ಕಳೂ ಕಲಿಯೋದೇ. ತಪ್ಪಿದ ಕಡೆ ಮತ್ತೆ ಮತ್ತೆ ಅದೇ ಸಾಲು. ಅಮ್ಮ ಅವಳು ತಪ್ಪಿದಾಗೆಲ್ಲ ಕೈ ಎತ್ತೋಳು. ಕೈಗೆ ಗೊತ್ತಾಯ್ತದೆ ಅಂದ್ಲು ಆಮೇಲೆ. ನನಗೆ ಇದನ್ನ ವಿವರಿಸೋಕೆ ಬರಲ್ಲ, ನೋಡಿದ್ದನ್ನ ಹೇಳ್ದೆ ಅಷ್ಟೆ.

ರಾಮನವಮಿಗೆ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರಕ್ಕೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಕೂತಾಗ ಒಂದು ವಿಷಯ ತಲೇಲಿ ಸುತ್ತುತಾ ಇತ್ತು. ಆ ಕೃಷ್ಣಪ್ಪನವರ ಶಿಷ್ಯರೇ ತಿರುಮಕೂಡಲಿನ ಚೌಡಯ್ಯನವರು, ನಾಲ್ಕು ತಂತಿ ಪಿಟೀಲಿಗೆ ಏಳು ತಂತಿ ಹಾಕಿದೋರು. ಯಾಕೆ ಹಾಕಿದ್ರು? ಆಗ ಮೈಕ್ ಇರ್ಲಿಲ್ಲ, ಹಿಂದಿನ ಸಾಲಲ್ಲಿ ಕೂತೋರಿಗೆ ಪಿಟೀಲು ಕೇಳ್ತಿರ್ಲಿಲ್ಲ. ಅದಕ್ಕೆ ಸ್ಥಾಯಿ ವ್ಯತ್ಯಾಸದ ತಂತಿ ಜೋಡಿ ಮಾಡಿ ನಾದ ದಪ್ಪ ಮಾಡಿದ್ರು. ನಾನು ಇದನ್ನ ಮೊದಲೂ ಓದಿದ್ದೆ, ಒಬ್ಬ ದೊಡ್ಡ ವಿದ್ವಾಂಸರ ಪ್ರಯೋಗ ಅಂತ ಮಾತ್ರ ನೋಡಿದ್ದೆ. ಅಮ್ಮನ ಪಕ್ಕ ಕೂತಾಗ ಅನ್ನಿಸ್ತು, ಇದು ಕೊನೇ ಸಾಲಲ್ಲಿ ಕೂತ ಯಾರೋ ಒಬ್ಬರ ಕಿವಿಯನ್ನ ನೆನೆಸ್ಕೊಂಡು ಮಾಡಿದ ಕೆಲಸ. ಅಷ್ಟು ದೊಡ್ಡವರು ತಮ್ಮ ವಾದ್ಯವನ್ನೇ ಬದಲಾಯಿಸಿದ್ರು, ಕೇಳೋರು ಹತ್ರ ಬರಲಿ ಅಂತ ಕಾಯ್ಲಿಲ್ಲ.

ಈಗ ಮೈಕ್ ಇದೆ, ಬೇರೆ ಥರ ತೊಂದರೆ. ಈ ವರ್ಷ ಒಂದು ಕಛೇರಿಗೆ ಹೋಗಿದ್ವಿ, ಎಲ್ಲಿ ಅಂತ ಹೇಳಲ್ಲ, ಸ್ಪೀಕರ್ ಎಷ್ಟು ಜೋರು ಅಂದ್ರೆ ಮೃದಂಗದ ಒಂದೊಂದು ಏಟಿಗೂ ಎದೆ ಹಾರೋದು. ಅಮ್ಮ ಮಶೀನು ತೆಗೆದು ಸೆರಗಲ್ಲಿ ಕಟ್ಕೊಂಡ್ಲು. ನನ್ನ ಕಿವಿ ಮಾರನೇ ದಿನ ಮಧ್ಯಾಹ್ನದವರೆಗೂ ಗುಂಯ್ ಅಂತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ ಕೇಳ್ಬಹುದು, ಸದ್ದು ಏರಿದಷ್ಟೂ ಆ ಗಂಟೆಗಳು ಬೇಗ ಬೇಗ ಕರಗುತ್ತೆ. ಕಛೇರಿ ಮಾಡ್ಸೋರು ಇಲ್ಲಿ ಇದ್ದೀರ, ನಿಮ್ಮನ್ನ ಕೇಳ್ಕೊಳ್ತೀನಿ, ಸೌಂಡ್ ಹುಡುಗನನ್ನ ಸ್ಟೇಜ್ ಪಕ್ಕ ಕೂರಿಸ್ಬೇಡಿ, ಮಧ್ಯದ ಸಾಲಲ್ಲಿ ಕೂರಿಸಿ, ಜನಕ್ಕೆ ಏನು ಕೇಳುತ್ತೋ ಅದನ್ನ ಅವನೂ ಕೇಳ್ಲಿ. ನನ್ನ ಮಗಳಿಗೂ ಇಯರ್‌ಫೋನ್ ವಿಷಯ ದಿನಾ ಹೇಳ್ತೀನಿ. ಅಜ್ಜಿಯ ಆಡಿಯೋಗ್ರಾಂ ಫ್ರಿಜ್ ಮೇಲೆ ಅಂಟಿಸಿದೀನಿ.

ದಸರಾದಲ್ಲಿ ಪೊಲೀಸ್ ಬ್ಯಾಂಡ್ ಅಮ್ಮನಿಗೆ ಚೆನ್ನಾಗಿ ಕೇಳಿಸ್ತು, ದೊಡ್ಡ ಡ್ರಮ್ಮು, ಹಿತ್ತಾಳೆ ವಾದ್ಯ, ಎಲ್ಲ ಅವಳ ಕಡೆಯ ಸದ್ದು. ನಮ್ಮ ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ಕೇಳಿದ ಮೇಲೇ ಕದ್ರಿ ಗೋಪಾಲನಾಥ್ ಅವರಿಗೆ ಅದನ್ನ ಕಲೀಬೇಕು ಅನ್ನಿಸಿದ್ದಂತೆ, ನಾಗಸ್ವರದ ಮನೆಯಿಂದ ಬಂದೋರು ಅವರು. ಅದನ್ನ ಹೇಳಿದಾಗ ಅಮ್ಮ ಸ್ಯಾಕ್ಸೋಫೋನ್ ಯಾವುದು ತೋರ್ಸು ಅಂದ್ಲು, ತೋರಿಸ್ದೆ, ನೋಡ್ತಾ ಕೂತ್ಲು.

ಈಗ ಈ ವರ್ಷದ ನನಗೆ ತುಂಬ ಬೇಕಾದ ಒಂದು ಸಂಜೆ ಬಗ್ಗೆ ಹೇಳ್ಬೇಕು. ಜಯಚಾಮರಾಜ ಒಡೆಯರು ನಮ್ಮಲ್ಲಿ ಕೃತಿಕಾರರಾಗಿ ಗೊತ್ತು, 94 ಕೃತಿ, ಶ್ರೀವಿದ್ಯಾ ಅಂಕಿತ. ಅವರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚೂ ಅಷ್ಟೇ ಇತ್ತು. ರಿಚರ್ಡ್ ಸ್ಟ್ರಾಸ್ ಅಂತ ಜರ್ಮನಿಯ ದೊಡ್ಡ ಸಂಗೀತಕಾರರು, 1949ರಲ್ಲಿ ತೀರಿಕೊಂಡ್ರು, ಅದರ ಹಿಂದಿನ ವರ್ಷ 84ನೇ ವಯಸ್ಸಲ್ಲಿ ಬರೆದ ನಾಲ್ಕು ಹಾಡು ಇನ್ನೂ ಎಲ್ಲೂ ಹಾಡಿರ್ಲಿಲ್ಲ. ಅವನ್ನ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಲ್ಲಿ ಮೊದಲ ಸಲ ಹಾಡಿಸೋಕೆ ದುಡ್ಡಿನ ಭರವಸೆ ಕೊಟ್ಟಿದ್ದು ನಮ್ಮ ಮಹಾರಾಜರು. ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿದ್ರು, ಫುರ್ಟ್‌ವೆಂಗ್ಲರ್ ಅವರು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ನಡೆಸಿದ್ರು. ಮಹಾರಾಜರು ಅಲ್ಲಿಗೆ ಹೋಗೋಕಾಗ್ಲಿಲ್ಲ, ಅವರಿಗೆ ಕೇಳಿಸೋಕೆ ಅಂತ ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿದ್ರು. ಅವತ್ತಿನ ಆ ದನಿಮುದ್ರಣ ಈಗಲೂ ಕೇಳೋಕೆ ಸಿಗುತ್ತೆ, ಚರಚರ ಅಂತ ಗೀಚಿದ ಸದ್ದು ತುಂಬಿದೆ, ದನಿ ಆ ಗೀಚಿನ ಹಿಂದಿನಿಂದ ಬರುತ್ತೆ.

ನವೆಂಬರಲ್ಲಿ ಒಂದು ಸಂಜೆ ನಾನು ಅದನ್ನ ನನಗೆ ಅಂತ ಹಾಕ್ಕೊಂಡು ಕೂತಿದ್ದೆ. ಅಮ್ಮ ಬಂದು ಪಕ್ಕ ಕೂತ್ಲು. ನಾನು ನಿಲ್ಲಿಸೋಕೆ ಹೋದೆ, ಅವಳಿಗೆ ಹಿಂಸೆ ಆಗುತ್ತೆ ಅಂತ. ಇರ್ಲಿ ಬುಡು ಅಂದ್ಲು. ಸ್ವಲ್ಪ ಹೊತ್ತು ಕೇಳಿ, ಏನ್ ಏಳ್ತಾ ಅವ್ಳೆ ಅಂದ್ಲು. ಗೊತ್ತಿಲ್ಲಮ್ಮ, ಜರ್ಮನ್ ಭಾಷೆ ಅಂದೆ. ನಿಂಗೂ ತಿಳಿಯಾಕಿಲ್ವಾ ಅಂದ್ಲು. ಇಲ್ಲ ಅಂದೆ.

‘ಅಂಗಾರೆ ಇಬ್ರೂ ಸಮ’ ಅಂದು ಕಾಲು ಚಾಚಿ ಕೂತ್ಲು.

ಆ ಮಾತನ್ನ ನಾನು ಎಷ್ಟು ಸಲ ನೆನೆಸ್ಕೊಂಡಿದೀನೋ. ವರ್ಷ ಪೂರ್ತಿ ಅವಳು ಸಾಹಿತ್ಯ ಕಳ್ಕೊಂಡು ಕೇಳ್ತಿದ್ಲು, ನಾನು ಸಾಹಿತ್ಯ ಇಟ್ಕೊಂಡು ಪಕ್ಕದಲ್ಲಿ ಕೂತು ಅಯ್ಯೋ ಪಾಪ ಅನ್ಕೊಳ್ತಿದ್ದೆ. ಆ ಇಪ್ಪತ್ತು ನಿಮಿಷ ನಮ್ಮಿಬ್ಬರಿಗೂ ಒಂದೇ ಸಿಕ್ತು, ಒಂದು ದನಿ, ಕೆಳಗಡೆ ಹಾಸಿದ ತಂತಿವಾದ್ಯ, ಗೀಚು. ಒಂದು ಕಡೆ ಹಾಡು ನಿಂತು ಆರ್ಕೆಸ್ಟ್ರಾ ಮಾತ್ರ ನಿಧಾನಕ್ಕೆ ಸಾಗುತ್ತೆ, ಅಲ್ಲಿ ಅಮ್ಮ ನನ್ನ ಕೈ ಹಿಡ್ಕೊಂಡ್ಲು. ಮುದುಕ ಬರ್ದಿರೋದು ಅಲ್ವಾ ಅಂದ್ಲು. ನಾನು ಹೇಳಿರ್ಲಿಲ್ಲ.

ಮೂರನೇ ಸಲ ಹೊಂದಿಸಿಕೊಂಡು ಬಂದಿದ್ದು ಈ ತಿಂಗಳ ಮೊದಲ ವಾರ. ಹಿಂದಿನ ಎರಡು ಸಲ ತಂಬೂರಿ ಸ್ವಲ್ಪ ಹೊತ್ತು ಇದ್ದು ಆಮೇಲೆ ಮಾಯ ಆಗ್ತಿತ್ತು, ಈ ಸಲ ಆ ಹುಡುಗಿ ಏನೇನೋ ಇಳಿಸಿ ಏರಿಸಿ, ತನ್ನ ಫೋನಲ್ಲೇ ತಂಬೂರಿ ಹಾಕಿ, ಐದು ನಿಮಿಷ ಬಿಟ್ಟು ಕೇಳಿದ್ಲು, ಅಜ್ಜಿ ಇದ್ಯಾ ಅಂತ. ಅದೆ ಅಂದ್ಲು ಅಮ್ಮ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದ್ಲು. ಅದೆ ಕಣವ್ವ ಅಂದ್ಲು.

ಹೋದ ಭಾನುವಾರ ಮಧ್ಯಾಹ್ನ ಅಮ್ಮ ದಿವಾನದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ಲು, ಪಕ್ಕದಲ್ಲಿ ತಂಬೂರಿ ಮಾತ್ರ ಸಣ್ಣಗೆ ಹಾಕಿದ್ದೆ, ಬೇರೆ ಏನೂ ಇಲ್ಲ. ಉಸಿರು ನೋಡಿದ್ರೆ ನಿದ್ದೆ ಬಂದಂಗಿತ್ತು. ಮೆಲ್ಲಗೆ ಹೋಗಿ ಆಫ್ ಮಾಡ್ದೆ. ಅಮ್ಮ ಕಣ್ಣು ಬಿಡ್ಲಿಲ್ಲ, ತಿರುಗಲೂ ಇಲ್ಲ.

‘ಯಾಕವ್ವ ನಿಲ್ಲಿಸ್ಬುಟ್ಟೆ?’ ಅಂದ್ಲು.